ಹೇಳಿ ಮಾರಿದ ಗಾಡಿ

ಹೊಸ ಕಾರಿನವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಅಲಂಕಾರಕ್ಕೆಂದು ಬರುತ್ತಾರೆ. ಹಳೆಯ ಕಾರಿನವರು ಆಯುಸ್ಸಿಗೆಂದು. 1998ರ ಮಾರುತಿಯೊಂದನ್ನು ಮಾರಲು ಹೊರಟ ಅಪ್ಪ–ಮಗಳ ಜೊತೆ ಆ ರಸ್ತೆಯಲ್ಲೊಂದು ಸುತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಮಿನರ್ವ ವೃತ್ತದ ಕಡೆಯಿಂದ ಜೆ.ಸಿ. ರಸ್ತೆಗೆ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ಅಂಗಡಿಗಳ ಷಟರ್ ಮೇಲೇಳುವ ಸದ್ದು. ಆಮೇಲೆ ಹಾರನ್ನುಗಳ ಸರದಿ. ಬೇರೆ ರಸ್ತೆಗಳಲ್ಲಿ ವಾಹನಗಳು ಮಾತ್ರ ಹಾರನ್ ಮಾಡುತ್ತವೆ. ಇಲ್ಲಿ ಅಂಗಡಿಗಳೂ ಮಾಡುತ್ತವೆ! ಕೊಳ್ಳುವ ಗಿರಾಕಿಗೆ ಬಾರಿಸಿ ತೋರಿಸಬೇಕಲ್ಲ. ಅಂಗಡಿಗಳ ಮುಂದೆ ಸೀಟ್ ಕವರುಗಳು ತೂಗುತ್ತಿರುತ್ತವೆ. ಫುಟ್‌ಪಾತಿನ ಅಂಚಿನಲ್ಲಿ ಬಾನೆಟ್ ತೆರೆದು ನಿಂತ ಕಾರಿನೊಳಕ್ಕೆ ಹುಡುಗನೊಬ್ಬ ಸೊಂಟದವರೆಗೆ ಬಾಗಿರುತ್ತಾನೆ. ಪಕ್ಕದಲ್ಲಿ ಗಾಡಿಯ ಯಜಮಾನರು ಆಸ್ಪತ್ರೆಯ ವರಾಂಡದಲ್ಲಿ ಕಾದು ನಿಂತವರ ಹಾಗೆ ಮುಖ ಮಾಡಿಕೊಂಡು ನಿಂತಿರುತ್ತಾರೆ.

ಈ ರಸ್ತೆಯ ಸ್ವಾಗತವೇ ಬೇರೆ. ಬಿಡಿ ಭಾಗಗಳ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಯಾರೂ 'ಬನ್ನಿ, ಕೂತ್ಕೊಳ್ಳಿ' ಎನ್ನುವುದಿಲ್ಲ. 'ಸ್ಯಾಂಪಲ್ ತಂದಿದೀರಾ?' ಎನ್ನುತ್ತಾರೆ. ಕೆಟ್ಟುಹೋದ ಭಾಗವನ್ನೇ ಬಿಚ್ಚಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದು ಗಲ್ಲಾದ ಮುಂದೆ ಇಡಬೇಕು. ಬಾಯಿಮಾತಿನ ವರ್ಣನೆ ನಡೆಯುವುದಿಲ್ಲ. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನೆಲದಿಂದ ಸೂರಿನವರೆಗೆ ಏರಿದ ಗೂಡುಗಳಲ್ಲಿ ಯಾವುದೋ ಒಂದಕ್ಕೆ ಕೈಹಾಕಿ, ಅದರ ಜೋಡಿಯನ್ನು ತೆಗೆದು ಪಕ್ಕದಲ್ಲಿಡುತ್ತಾರೆ. ಕೆಟ್ಟದ್ದನ್ನು ಮೊದಲು ತೋರಿಸಬೇಕು, ಆಮೇಲೆ ಒಳ್ಳೆಯದು ಸಿಗುತ್ತದೆ. ಇದು ಜೆ.ಸಿ. ರಸ್ತೆಯ ನಿಯಮ.

ಹಾಗೆ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಯಲ್ಲಿ ಹಿಡಿದು ಆ ಬೆಳಿಗ್ಗೆ ಬಂದವರು ಬನಶಂಕರಿಯ ನಿವೃತ್ತ ಮೇಷ್ಟ್ರೊಬ್ಬರು ಮತ್ತು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಅವರ ಮಗಳು. ಗಾಡಿ ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಬ್ರೇಕಿಲ್ಲದೆ ಮಲಗಿತ್ತು. ಇವರಿಬ್ಬರೂ ಮೆಟ್ರೊ ಹತ್ತಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ನಡೆದು ಬಂದಿದ್ದರು. ಪೊಟ್ಟಣದಲ್ಲಿದ್ದದ್ದು ಬ್ರೇಕಿನ ಮಾಸ್ಟರ್ ಸಿಲಿಂಡರ್.

ನಾಟಕ ಮತ್ತು ನಟ್ಟು–ಬೋಲ್ಟು

ಜೆ.ಸಿ. ರಸ್ತೆ ಎಂದು ಎಲ್ಲರ ಬಾಯಲ್ಲೂ ಚಿಕ್ಕದಾದ ಈ ರಸ್ತೆಯ ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರು ಅದು. ಒಂದು ತುದಿಯಲ್ಲಿ ಮಿನರ್ವ ವೃತ್ತ, ಇನ್ನೊಂದು ತುದಿಯಲ್ಲಿ 1935ರಲ್ಲಿ ಬಾಗಿಲು ತೆರೆದ ಪುರಭವನ. ಪುರಭವನಕ್ಕೆ ಸ್ವಲ್ಪ ಮೊದಲು ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಾಬ್ದಿಯ ನೆನಪಿಗೆಂದು ಕಟ್ಟಿ 1963ರಲ್ಲಿ ಉದ್ಘಾಟನೆಯಾದ ರಂಗಮಂದಿರ. ಅದರ ಬೆನ್ನಿಗೇ ಸಂಸ ಬಯಲು ರಂಗಮಂದಿರ, ಪಕ್ಕದಲ್ಲಿ ಕನ್ನಡ ಭವನ.

ಹೀಗಾಗಿ ಒಂದೇ ರಸ್ತೆಯಲ್ಲಿ ಎರಡು ಬಗೆಯ ಜನ. ಸಂಜೆ ಏಳರ ನಾಟಕಕ್ಕೆ ಬಂದವರು ಚಹಾ ಕುಡಿಯುವ ಹೊತ್ತಿಗೆ ಸೈಲೆನ್ಸರ್ ಹೊತ್ತ ಹುಡುಗ ಅವರ ನಡುವೆ ನುಸುಳಿ ಹೋಗುತ್ತಾನೆ. ಪಶ್ಚಿಮಕ್ಕೆ ಒಂದೆರಡು ತಿರುವು ತಿರುಗಿದರೆ ಕಲಾಸಿಪಾಳ್ಯದ ಬಸ್ಸು, ಲಾರಿಗಳ ಲೋಕ. ಇನ್ನೊಂದು ತಿರುವಿಗೆ ಎಸ್.ಜೆ.ಪಿ. ರಸ್ತೆಯ ಕಬ್ಬಿಣದ ಸಾಮಾನು, ಯಂತ್ರ, ಮೋಟಾರು. ಬಸ್ಸು, ಲಾರಿಗಳು ಬಂದು ನಿಲ್ಲುವ ಕಡೆ ಅವುಗಳನ್ನು ರಿಪೇರಿ ಮಾಡುವವರೂ ನೆಲೆಯೂರುವುದು ಸಹಜ. ರಿಪೇರಿಯವರಿದ್ದಲ್ಲಿ ಬಿಡಿ ಭಾಗ ಮಾರುವವರು. ಹೊಸ ಕಾರುಗಳ ಕಾಲದಲ್ಲಿ ಈ ರಸ್ತೆಯ ಮುಂಭಾಗದಲ್ಲೆಲ್ಲ ಸ್ಪೀಕರು, ಅಲಾಯ್ ವೀಲು, ಬಣ್ಣದ ದೀಪಗಳೇ ಹೊಳೆಯುತ್ತವೆ. ಆದರೆ ಕಂಪನಿಯೇ ತಯಾರಿಸುವುದನ್ನು ನಿಲ್ಲಿಸಿದ ಗಾಡಿಗೆ ಒಂದು ರಬ್ಬರ್ ವಾಷರ್ ಬೇಕೆಂದರೆ ಇಂದಿಗೂ ಬರುವುದು ಇದರ ಅಡ್ಡರಸ್ತೆಗಳಿಗೇ.

ತಿಪಟೂರಿನಿಂದ ಬಂದ ಎಂಟುನೂರು

ಮೇಷ್ಟ್ರ ಗಾಡಿ ಮಾರುತಿ 800. ನಂಬರ್ ಪ್ಲೇಟಿನ ಮೇಲೆ ಕೆಎ 06, ಅಂದರೆ ತುಮಕೂರು. 1998ರಲ್ಲಿ ಅದನ್ನು ಹೊಸದಾಗಿ ಕೊಂಡವರು ತಿಪಟೂರಿನ ಒಬ್ಬ ಡಾಕ್ಟರು. 2002ರಲ್ಲಿ ಅವರಿಂದ ಮೇಷ್ಟ್ರ ಕೈಗೆ ಬಂತು. ಬೀಗದ ಕೈ ಕೊಡುವಾಗ ಡಾಕ್ಟರು ಒಂದು ಮಾತು ಹೇಳಿದ್ದರು: 'ಮೇಷ್ಟ್ರೇ, ಸೆಕೆಂಡ್ ಗೇರು ಸ್ವಲ್ಪ ಹಟಮಾರಿ. ಬೆಳಗ್ಗೆ ಹೊತ್ತು ಅವಸರ ಮಾಡಬೇಡಿ. ಒಂದು ಉಸಿರು ತಡೆದು ಹಾಕಿ, ಬೀಳುತ್ತೆ.' ಮೇಷ್ಟ್ರು ಅಂದಿನಿಂದ ಒಂದು ಉಸಿರು ತಡೆದೇ ಸೆಕೆಂಡ್ ಗೇರು ಹಾಕಿದವರು. ಮಗಳು 2004ರಲ್ಲಿ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ. ಪ್ರತಿ ಬೇಸಿಗೆಗೆ ತುಮಕೂರು, ಗುಬ್ಬಿ ದಾಟಿ ತಿಪಟೂರಿನ ಅಜ್ಜಿಯ ಮನೆಗೆ; ವಾಪಸ್ ಬರುವಾಗ ಡಿಕ್ಕಿಯ ತುಂಬ ತೆಂಗಿನಕಾಯಿ.

ಆ ಪುಟ್ಟ ಕಾರಿನ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಆಗಿನ ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರಪಾಲ್ ಸಿಂಗ್ ಅವರಿಗೆ ಕೊಟ್ಟರು. ಮೂರು ಸಿಲಿಂಡರಿನ, 796 ಸಿ.ಸಿ.ಯ ಚಿಕ್ಕ ಎಂಜಿನ್ನಿನ ಈ ಗಾಡಿ, ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಭಾರಕ್ಕೆ ಒಗ್ಗಿಹೋಗಿದ್ದ ದೇಶದ ರಸ್ತೆಗಳ ರೂಪವನ್ನೇ ಬದಲಿಸಿತು. 25 ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಹೊಗೆಯ ಮಾನದಂಡ ಬಿಗಿಯಾದಾಗ, 2010ರಲ್ಲಿ, ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಹರಪಾಲ್ ಸಿಂಗ್ ಮಾತ್ರ ತಮ್ಮ ಗಾಡಿಯನ್ನು ಮಾರಲೇ ಇಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ಇಟ್ಟುಕೊಂಡಿದ್ದರು. ಅವರು ಹೋದ ಮೇಲೆ ಅದು ಮನೆಯ ಮುಂದೆ ಬಿಸಿಲು ಮಳೆಗೆ ತುಕ್ಕು ಹಿಡಿಯಿತು. ಮುಂದೆ ಕಂಪನಿಯೇ ಅದನ್ನು ಸರಿಪಡಿಸಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು.

ಎಲ್ಲರ ಗಾಡಿಗೂ ಆ ಭಾಗ್ಯ ಎಲ್ಲಿಂದ ಬರಬೇಕು? ಮೇಷ್ಟ್ರಿಗೆ ಮಂಡಿನೋವು. ಕ್ಲಚ್ ತುಳಿದರೆ ಸಂಜೆಗೆ ಎಣ್ಣೆ ತಿಕ್ಕಬೇಕು. ಗಾಡಿ ವಾರಕ್ಕೊಮ್ಮೆಯೂ ಹೊರಗೆ ಹೋಗುತ್ತಿರಲಿಲ್ಲ. ಓಡದೆ ನಿಂತ ಗಾಡಿ ಹಾಗೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ, ಪೆಟ್ರೋಲು ಕೆಡುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ. ಬಳಸದ ಬಾವಿಯ ನೀರಿನಂತೆಯೇ ಬಳಸದ ಗಾಡಿ.

ಇನ್ನೂ ಒಂದು ಕಾರಣವಿತ್ತು. ಮಗಳ ಕಾಲೇಜಿನ ಶುಲ್ಕದ ಕೊನೆಯ ಕಂತು 58,000 ರೂಪಾಯಿ ಕಟ್ಟುವುದಿತ್ತು. ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮಗಳಿಗೆ ಗೊತ್ತಿಲ್ಲದೆಯೂ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿ

ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನು ಜ್ಯಾಕಿಯ ಮೇಲೆತ್ತಿ, ತಳದಿಂದ ತಲೆಯವರೆಗೆ ನೋಡಿ, ಒಂದೊಂದಾಗಿ ದೋಷಗಳನ್ನು ಹೇಳುತ್ತ ಹೋದ. ಮಗಳು ಬರೆದುಕೊಳ್ಳುತ್ತ ಹೋದಳು. ಬ್ರೇಕ್ ಪೆಡಲ್ ಹತ್ತಿಯ ಮೂಟೆ ತುಳಿದ ಹಾಗೆ ಒಳಗೆ ಹೋಗುತ್ತಿತ್ತು. ಪೆಡಲಿನ ಕೆಳಗಿನ ಮ್ಯಾಟು ಜಿಡ್ಡಾಗಿತ್ತು. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದು ಬ್ರೇಕ್ ಆಯಿಲ್ ಸೋರುತ್ತಿದೆ ಎಂಬುದಕ್ಕೆ ಅಷ್ಟು ಸಾಕು. ಕಾಲಿನ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಮುಟ್ಟಿಸುವುದೇ ಆ ಎಣ್ಣೆ. ಅದು ಸೋರಿದರೆ ಕಾಲು ತುಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಇನ್ನು ಹೊಗೆ. ಬೆಳಿಗ್ಗೆ ಮೊದಲ ಬಾರಿ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ. ಹೊಗೆಯ ಬಣ್ಣ ಎಂದರೆ ವೈದ್ಯರಿಗೆ ನಾಡಿ ಇದ್ದ ಹಾಗೆ. ನೀಲಿಯಾದರೆ ಎಂಜಿನ್ ಆಯಿಲ್ ಒಳಗೆ ಸೇರಿ ಉರಿಯುತ್ತಿದೆ. ಕಪ್ಪಾದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಬೇಕು. ಮೇಷ್ಟ್ರ ಗಾಡಿಯ ನೀಲಿ ಹೊಗೆ ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು. 'ವಯಸ್ಸಾದವರ ಬೆಳಗಿನ ಕೆಮ್ಮು ಸಾರ್ ಅದು' ಎಂದ ಮೇಸ್ತ್ರಿ.

ಮೂರನೆಯದು ತುಕ್ಕು. ಡ್ರೈವರ್ ಪಕ್ಕದ ಸೀಟಿನ ಕೆಳಗೆ ಮ್ಯಾಟು ಎತ್ತಿದರೆ ಎರಡು ಕಡೆ ರಸ್ತೆ ಕಾಣುತ್ತಿತ್ತು.

ಎಲ್ಲವನ್ನೂ ಸರಿಮಾಡಿಸಿ ಮಾರುವುದೋ, ಏನನ್ನೂ ಮಾಡಿಸದೆ ಮಾರುವುದೋ? ಹಳೆಯ ಗಾಡಿ ಮಾರುವ ಪ್ರತಿಯೊಂದು ಮನೆಯಲ್ಲೂ ಏಳುವ ಪ್ರಶ್ನೆ ಇದು. ಮಗಳು ಹಾಳೆಯನ್ನು ಮೂರು ಭಾಗ ಮಾಡಿದಳು. ಮಾಡಿಸಲೇಬೇಕಾದ್ದು: ಬ್ರೇಕು, ಸವೆದ ಎರಡು ಟೈರು, ಒಂದು ಹೆಡ್‌ಲೈಟು, ಪೆಟ್ರೋಲಿನ ಹಳೆಯ ರಬ್ಬರ್ ಪೈಪು. ಇವು ಪ್ರಾಣದ ಪ್ರಶ್ನೆಗಳು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿಗೂ ಅದು ಟೈರಲ್ಲ. ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಏರಿದ ಮೇಲೆ ಹಳೆಯ ಗಾಡಿಗಳ ರಬ್ಬರ್ ಭಾಗಗಳ ಮೇಲೆ ಕಣ್ಣಿಡುವುದೂ ಅಗತ್ಯವಾಗಿದೆ. ಮಾಡಿಸಿದರೆ ಒಳ್ಳೆಯದು: ವೈಪರ್, ಬಾಗಿಲ ಹಿಡಿ. ಮಾಡಿಸಬಾರದ್ದು: ಪೂರ್ತಿ ಪೇಂಟಿಂಗು, ಎಂಜಿನ್ ಬಿಚ್ಚುವ ಕೆಲಸ. ಪೇಂಟಿಂಗಿಗೆ 28,000 ಹೇಳಿದ್ದರು. ಅಷ್ಟು ಸುರಿದರೆ ಅದರಲ್ಲಿ ಅರ್ಧವೂ ಬೆಲೆಯಾಗಿ ಮರಳುವುದಿಲ್ಲ. ಮೇಲಾಗಿ ಹಳೆಯ ಗಾಡಿಗೆ ಹೊಸ ಬಣ್ಣ ಕಂಡರೆ ಬಲ್ಲ ಗಿರಾಕಿಗೆ ಅನುಮಾನವೇ ಹುಟ್ಟುತ್ತದೆ. ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿಯುವವರಿದ್ದಾರೆ. ಅಂಟಿಕೊಳ್ಳದಿದ್ದರೆ ಅಲ್ಲಿ ತಗಡಿಲ್ಲ, ಬರೀ ಪಟ್ಟಿ ಮೆತ್ತಿದ್ದಾರೆ ಎಂದು ಅರ್ಥ.

ಆ ಪಟ್ಟಿಯ ಮೊದಲ ಸಾಲಿಗಾಗಿಯೇ ಅಪ್ಪ–ಮಗಳು ಪೊಟ್ಟಣ ಹಿಡಿದು ಜೆ.ಸಿ. ರಸ್ತೆಗೆ ಬಂದದ್ದು. ಮೂರನೆಯ ಅಂಗಡಿಯಲ್ಲಿ ಮಾಸ್ಟರ್ ಸಿಲಿಂಡರ್ ಸಿಕ್ಕಿತು. ಅಂಗಡಿಯ ಮುದುಕರು ಹಳೆಯದನ್ನು ಬೆಳಕಿಗೆ ಹಿಡಿದು, 'ಎಷ್ಟು ದಿನದಿಂದ ಹೀಗೆ ಓಡಿಸ್ತಾ ಇದ್ದೀರಿ ಸಾರ್?' ಎಂದರು. ಮೇಷ್ಟ್ರು ಉತ್ತರ ಹೇಳದೆ ದುಡ್ಡು ಎಣಿಸಿದರು.

ಶಿವಾಜಿನಗರದ ತಕ್ಕಡಿ

'ಅದನ್ನ ಯಾರು ತಗೋತಾರೆ? ಗುಜರಿಗೆ ಹಾಕಿ' ಎಂದಿದ್ದರು ಪಕ್ಕದ ಮನೆಯವರು. ಹಾಗಾಗಿ ಅಲ್ಲಿಗೂ ಒಮ್ಮೆ ಹೋಗಿಬರೋಣ ಎಂದು ಇಬ್ಬರೂ ಅಲ್ಲಿಂದಲೇ ಶಿವಾಜಿನಗರದ ಬಸ್ಸು ಹತ್ತಿದರು.

ಶಿವಾಜಿನಗರ ಎಂದರೆ ಹೊರಗಿನವರಿಗೆ ಸೆಪ್ಟೆಂಬರಿನ ಜಾತ್ರೆಯ ಸೇಂಟ್ ಮೇರೀಸ್ ಬೆಸಿಲಿಕಾ, 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆ. ಅದರಾಚೆಯ ಗಲ್ಲಿಗಳಲ್ಲಿ ಇರುವುದು ಗುಜರಿ. ಅಲ್ಲಿ ಗಾಡಿಗಳು ಗಾಡಿಗಳಾಗಿ ಉಳಿಯುವುದಿಲ್ಲ. ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಪಕ್ಕದ್ದರಲ್ಲಿ ಬರೀ ಗೇರ್‌ಬಾಕ್ಸು, ಇನ್ನೊಂದರಲ್ಲಿ ತೋರಣ ಕಟ್ಟಿದಂತೆ ಸ್ಟೀರಿಂಗ್ ಚಕ್ರಗಳು. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿದೆ. ಕಣ್ಣಿಗೆ ಮಸಣದಂತೆ ಕಂಡರೂ ಅಲ್ಲಿನವರು ಹಾಗೆಂದು ಒಪ್ಪುವುದಿಲ್ಲ. 'ಒಂದು ಗಾಡಿ ಸತ್ತರೆ ಹತ್ತು ಗಾಡಿ ಬದುಕುತ್ತೆ ಮೇಡಂ' ಎಂದರು ಒಬ್ಬ ವ್ಯಾಪಾರಿ. ಸುಳ್ಳಲ್ಲ. ಜೆ.ಸಿ. ರಸ್ತೆಯಲ್ಲೂ ಸಿಗದ ಬಾಗಿಲ ಹಿಡಿಯೊಂದು ಮಗಳಿಗೆ ಅಲ್ಲಿಯೇ ನೂರು ರೂಪಾಯಿಗೆ ಸಿಕ್ಕಿತು.

ಗಾಡಿಗೆ ಅವರು ಹೇಳಿದ ಬೆಲೆ 22,000. ಸುಮಾರು 650 ಕಿಲೊ ತೂಗುವ ಗಾಡಿಯನ್ನು ತೂಕದ ಲೆಕ್ಕಕ್ಕೆ ಇಳಿಸಿದರೆ ಬರುವುದು ಅಷ್ಟೇ. ಮೇಷ್ಟ್ರು ಮಾತಾಡಲಿಲ್ಲ. ಹಿಂದಿನ ಸೀಟಿನ ಮೂಲೆಯಲ್ಲಿ ಮಗಳು ಎಲ್‌ಕೆಜಿಯಲ್ಲಿದ್ದಾಗ ಪೆನ್ನಿನಿಂದ ಬರೆದ 'ಅ' ಇನ್ನೂ ಇತ್ತು. ಅದಕ್ಕೆ ತೂಕವಿಲ್ಲ.

ಗುಜರಿಗೆ ಹಾಕುವವರು ತಿಳಿದಿರಬೇಕಾದ ಮಾತೊಂದುಂಟು. ಗಾಡಿಯನ್ನು ಒಡೆದ ಮಾತ್ರಕ್ಕೆ ಅದರ ನೋಂದಣಿ ಸಾಯುವುದಿಲ್ಲ. 2021ರಲ್ಲಿ ಜಾರಿಗೆ ಬಂದ ವಾಹನ ಗುಜರಿ ನೀತಿಯಂತೆ ಸರ್ಕಾರದ ನೋಂದಣಿ ಪಡೆದ ಕೇಂದ್ರಕ್ಕೆ ಕೊಟ್ಟರೆ ಅಲ್ಲಿ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಆರ್‌ಸಿ ರದ್ದಾಗಬೇಕು. ಇಲ್ಲವಾದರೆ ಇಲ್ಲದ ಗಾಡಿಯ ನಂಬರು ಇನ್ನೆಲ್ಲೋ ಓಡಾಡಿದರೂ ಕೇಳುವುದು ಹಳೆಯ ಯಜಮಾನನನ್ನೇ.

ಅರವತ್ತು ಸಾವಿರದ ಉಪಾಯ

ಆ ಸಂಜೆ ಬ್ರೋಕರ್ ಒಬ್ಬರು ಮನೆಗೆ ಬಂದರು. ಗಾಡಿ ಇನ್ನೂ ಗ್ಯಾರೇಜಿನಲ್ಲೇ ಇತ್ತು, ಅಲ್ಲೇ ನೋಡಿಕೊಂಡು ಬಂದಿದ್ದರು. ಕಾಫಿ ಕುಡಿಯುತ್ತ ಉಪಾಯ ಹೇಳಿಕೊಟ್ಟರು. 'ಬ್ರೇಕ್‌ಗೆ ಯಾಕೆ ಸಾರ್ ಖರ್ಚು? ಹಳೇದನ್ನೇ ಹಾಕಿಸಿ, ಆಯಿಲ್ ತುಂಬಿಸಿ ಬಿಡಿ, ಒಂದು ವಾರ ಹಿಡಿಯುತ್ತೆ. ಪಾರ್ಟಿ ಬರೋ ಮುಂಚೆ ಅರ್ಧ ಗಂಟೆ ಎಂಜಿನ್ ಓಡಿಸಿ ಇಟ್ಟಿರಿ, ಹೊಗೆ ಕಾಣಲ್ಲ. ತಳಕ್ಕೆ ಹೊಸ ಮ್ಯಾಟು ಹಾಸಿ. ಅರವತ್ತು ಸಾವಿರಕ್ಕೆ ನಾನು ಜವಾಬ್ದಾರಿ.'

ಅರವತ್ತು ಸಾವಿರ! ಐವತ್ತೆಂಟು ಕಟ್ಟಿ ಎರಡು ಸಾವಿರ ಕೈಯಲ್ಲೇ ಉಳಿಯುತ್ತದೆ. ಬ್ರೋಕರ್ ಎದ್ದು ಹೋದ ಮೇಲೆ ಮೇಷ್ಟ್ರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಸರಿ ಯಾವುದು ಎಂಬುದು ಗೊತ್ತಿಲ್ಲದ್ದೇನಲ್ಲ. ಆದರೆ ಮಗಳ ಓದಿನ ಮುಂದೆ ನಿಂತಾಗ ಗೊತ್ತಿರುವುದೂ ಮಸುಕಾಗುತ್ತದೆ. 'ಎಲ್ಲರೂ ಹಾಗೇ ಮಾರೋದು ಪುಟ್ಟಿ' ಎಂದರು ಕೊನೆಗೆ.

ಮಗಳು ವಾದ ಮಾಡಲಿಲ್ಲ. 'ಆ ತಿಪಟೂರಿನ ಡಾಕ್ಟರು ನಿಮಗೆ ಹೀಗೇ ಮಾರಿದ್ರಾಪ್ಪ?' ಎಂದು ಕೇಳಿದಳು, ಅಷ್ಟೇ.

ಮರುದಿನ ಹೊಸ ಮಾಸ್ಟರ್ ಸಿಲಿಂಡರ್ ಗಾಡಿಯೊಳಗೆ ಕೂತಿತು. ಟೈರು, ದೀಪ, ಪೈಪು ಎಲ್ಲ ಸೇರಿ 7,800 ರೂಪಾಯಿ ಆಯಿತು. ಮಗಳು ಒಂದು ಬಿಳಿ ಹಾಳೆಯಲ್ಲಿ ದುಂಡಗೆ ಬರೆದಳು: ಸರಿಮಾಡಿಸಿದ್ದು ಇಷ್ಟು, ಸರಿಮಾಡಿಸದೆ ಉಳಿದದ್ದು ಇಷ್ಟು. ಬೆಳಗಿನ ನೀಲಿ ಹೊಗೆ, ತಳದ ಎರಡು ತೂತು, ಸೆಕೆಂಡ್ ಗೇರಿನ ಹಟ. ಹಾಳೆಯನ್ನು ಗಾಡಿಯ ಡ್ಯಾಷ್‌ಬೋರ್ಡಿನ ಮೇಲಿಟ್ಟಳು.

ಓದಿದವರಲ್ಲಿ ಇಬ್ಬರು ಹೊರಟುಹೋದರು. ಒಬ್ಬರು ನಕ್ಕೇ ಹೋದರು. ಮೂರನೆಯವನು ಮಾಗಡಿಯ ಕಡೆಯ ಯುವಕ, ಜೊತೆಗೆ ಅವನ ತಂದೆ. ಮೇಷ್ಟ್ರು ಬೇಕೆಂದೇ ಅಂದು ಎಂಜಿನ್ ಸ್ಟಾರ್ಟ್ ಮಾಡಿರಲಿಲ್ಲ. ತಣ್ಣಗಿದ್ದ ಗಾಡಿಯನ್ನು ಅವನ ಕೈಯಲ್ಲೇ ಸ್ಟಾರ್ಟ್ ಮಾಡಿಸಿದರು. ನೀಲಿ ಹೊಗೆ ಬಂತು, ನಿಂತಿತು. ಅವನು ಹಾಳೆಯನ್ನು ಇನ್ನೊಮ್ಮೆ ಓದಿ, ಮ್ಯಾಟು ಎತ್ತಿ, ತೂತಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದ. 'ತಗಡಿನ ಕೆಲಸ ನನಗಿರಲಿ ಬಿಡಿ ಸಾರ್, ನಾನು ವೆಲ್ಡಿಂಗ್ ಮಾಡೋನೇ' ಎಂದ. ಬ್ರೋಕರ್ ಮುಚ್ಚಿಡಿ ಎಂದಿದ್ದ ದೋಷ ಇವನ ಪಾಲಿಗೆ ಒಂದು ಭಾನುವಾರದ ಕೆಲಸ!

'ಬ್ರೇಕು?' ಎಂದು ಕೇಳಿದರು ತಂದೆ. ಮಗಳು ಜೆ.ಸಿ. ರಸ್ತೆಯ ಬಿಲ್ಲನ್ನೂ ಹಳೆಯ ಮಾಸ್ಟರ್ ಸಿಲಿಂಡರನ್ನೂ ತಂದು ಮುಂದಿಟ್ಟಳು. ಅದು ಅದೇ ಪತ್ರಿಕೆಯ ಹಾಳೆಯಲ್ಲೇ ಇತ್ತು. ಮಾತು 50,000ದಿಂದ ಆರಂಭವಾಗಿ 46,000ಕ್ಕೆ ನಿಂತಿತು.

ಹೆಸರು ಕಳಚುವ ಕೆಲಸ

'ಆರ್‌ಸಿ ಆಮೇಲೆ ನಿಧಾನವಾಗಿ ಮಾಡಿಸ್ಕೋತೀನಿ ಸಾರ್' ಎಂದ ಯುವಕ. ಅಲ್ಲಿ ಮಾತ್ರ ಮೇಷ್ಟ್ರು ಬಿಗಿಯಾದರು. ಹಳೆಯ ಗಾಡಿ ಮಾರುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ದುಡ್ಡು ಕೈಗೆ ಬಂತು, ಕೀಲಿ ಅತ್ತ ಹೋಯಿತು, ಅಲ್ಲಿಗೆ ಸಂಬಂಧ ಮುಗಿಯಿತು ಎಂದುಕೊಳ್ಳುತ್ತಾರೆ. ಕಾನೂನು ಹಾಗೆ ತಿಳಿಯುವುದಿಲ್ಲ.

ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟ ಒಂದು ಮೊಕದ್ದಮೆ ಇದಕ್ಕೆ ಸಾಕ್ಷಿ. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದ್ದರು. ಅದು ಅಲ್ಲಿಂದ ಕೈಯಿಂದ ಕೈಗೆ ದಾಟುತ್ತ ಹೋಯಿತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಮಗು ತೀರಿಕೊಂಡಿತು. ಪರಿಹಾರದ ಹೊಣೆ ಯಾರದು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದಿತು ನ್ಯಾಯಾಲಯ. ಪರಿಹಾರಕ್ಕೆ ಕಾದ ಕುಟುಂಬ, ಗಾಡಿ ಯಾರ ಯಾರ ಕೈ ದಾಟಿತೆಂದು ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಹಿಂದಿನ ನ್ಯಾಯ.

ಹೆಸರು ಬದಲಿಸಲು ಬೇಕಾದ ಮುಖ್ಯ ನಮೂನೆಗಳು ಎರಡೇ: 29 ಮತ್ತು 30. ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದ್ದಕ್ಕೆ ನಮೂನೆ 35, ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ. ವಿಮೆಯನ್ನೂ ಕೊಂಡವರ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಕಂಪನಿಗೆ ಬರೆಯಬೇಕು. ಗಾಡಿ ಕೊಟ್ಟ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದ ಚೀಟಿ ಇಟ್ಟುಕೊಳ್ಳುವುದು ಜಾಣತನ.

ಕೊಳ್ಳುವವರಿಗೂ ಒಂದು ಲೆಕ್ಕವಿದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಮೇಷ್ಟ್ರ ಗಾಡಿಯ ಆರ್‌ಸಿ 2013, 2018, 2023ರಲ್ಲಿ ಮೂರು ಬಾರಿ ನವೀಕರಣಗೊಂಡಿತ್ತು. ಮುಂದಿನದು 2028ಕ್ಕೆ. ಅದನ್ನೂ ಮಗಳು ಹಾಳೆಯ ಕೊನೆಯ ಸಾಲಿನಲ್ಲಿ ಬರೆದಿದ್ದಳು. ಮುಂದೆ ಬರುವ ಖರ್ಚನ್ನೂ ಹೇಳಿ ಮಾರುವವರು ಎಷ್ಟು ಜನ?

ಅರ್ಜಿ ಇಬ್ಬರ ಎದುರಿಗೇ ಆನ್‌ಲೈನಿನಲ್ಲಿ ದಾಖಲಾಯಿತು. ನಮೂನೆಗಳಿಗೆ ಸಹಿ ಬಿತ್ತು. ಆಮೇಲೆಯೇ ಮೇಷ್ಟ್ರು ಕೀಲಿಗೊಂಚಲಿನಿಂದ ಗಾಡಿಯ ಕೀಲಿ ಬಿಡಿಸಿದ್ದು. ಅದು ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ಮಗಳು ಸಹಾಯ ಮಾಡಬೇಕಾಯಿತು.

ಖಾಲಿಯಾದ ಡಿಕ್ಕಿ

ಕೊಡುವ ಮೊದಲು ಗಾಡಿಯನ್ನು ಖಾಲಿ ಮಾಡಿದರು. ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಟೋಲ್ ಚೀಟಿಗಳು, ಘಾಟಿ ಸುಬ್ರಹ್ಮಣ್ಯದ ಕುಂಕುಮದ ಪೊಟ್ಟಣ, ಒಂದು ಮುರಿದ ಕನ್ನಡಕ. ಡಿಕ್ಕಿಯಲ್ಲಿ ಸ್ಟೆಪ್ನಿಯ ಅಡಿ ಸೇರಿಕೊಂಡಿದ್ದ ತೆಂಗಿನ ನಾರು. ಮನೆಯಾಕೆ ಗಾಡಿಯ ಮುಂದೆ ಒಂದು ನಿಂಬೆಹಣ್ಣು ಇಟ್ಟರು. ಹೊಸ ಗಾಡಿಗೆ ಇಡುವುದು ಕಂಡಿದ್ದ ಪಕ್ಕದ ಮನೆಯವರು, 'ಹೋಗೋ ಗಾಡಿಗೂ ಇಡ್ತಾರೇನ್ರೀ?' ಎಂದರು. 'ಅವರಿಗೆ ಅದು ಹೊಸದೇ ತಾನೆ' ಎಂದರು ಆಕೆ.

ನಿಂಬೆಹಣ್ಣಿನ ಮೇಲೆ ಹಾದು ಗಾಡಿ ತಿರುವಿನವರೆಗೆ ಹೋಯಿತು. ಅಲ್ಲಿ ಬ್ರೇಕ್ ದೀಪ ಕೆಂಪಗೆ ಹೊತ್ತಿತು. ಗಾಡಿ ನಿಂತಿತು, ತಿರುಗಿತು, ಮರೆಯಾಯಿತು. 'ಬ್ರೇಕ್ ಚೆನ್ನಾಗಿ ಹಿಡೀತಾ ಇದೆ' ಎಂದರು ಮೇಷ್ಟ್ರು, ಇನ್ನೇನೂ ಹೇಳಲು ತೋಚದೆ.

ಶುಲ್ಕದ ಲೆಕ್ಕ ಸರಿಹೋಗಲಿಲ್ಲ. 46,000ದಲ್ಲಿ ರಿಪೇರಿಯ 7,800 ಕಳೆದರೆ ಉಳಿದದ್ದು 38,200. ಕೊರತೆ 19,800. ಮನೆಯಾಕೆ ಯುಗಾದಿಗೆಂದು ಕಟ್ಟುತ್ತಿದ್ದ ಚೀಟಿಯನ್ನು ಎರಡು ತಿಂಗಳು ಮೊದಲೇ ಎತ್ತಿದರು. ಹರಾಜಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಯಿತು. ಕೊನೆಯ ಕಂತು ಕೊನೆಯ ದಿನ ಕಟ್ಟಿದ್ದಾಯಿತು.

ಹತ್ತು ದಿನ ಕಳೆದು ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಫೋನು ಬಡಿದುಕೊಂಡಿತು. ಮಾಗಡಿಯ ಯುವಕ. ತಂದೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಹೊರಟಿದ್ದಾನಂತೆ. ತಳದ ತಗಡು ಬೆಸೆದಾಗಿದೆ, ಹೊಗೆಯೂ ಅಷ್ಟಿಲ್ಲ. 'ಆದ್ರೆ ಸಾರ್, ಸೆಕೆಂಡ್ ಗೇರು ಬೀಳ್ತಾನೇ ಇಲ್ಲ!'

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಬಲಗೈಯಲ್ಲಿದ್ದ ಫೋನು ಎಡಗೈಗೆ ಬಂತು.

'ಅವಸರ ಮಾಡಬೇಡಪ್ಪ. ಒಂದು ಉಸಿರು ತಡೆದು ಹಾಕು.'

ಆ ಕಡೆಯಿಂದ ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ, 'ಬಿತ್ತು ಸಾರ್' ಎಂದ.